ಸೆರೆಮನೆಯ ಹೊರಗೆ ಕಾದು ನಿಂತವರು

(ಜನವರಿ 31, ಸಂತ ಜಾನ್ ಬೋಸ್ಕೊರವರ ಹಬ್ಬದ ನಿಮಿತ್ತ)



ಜನವರಿ ತಿಂಗಳ ಕೊನೆಯ ದಿನ ಧರ್ಮಸಭೆಯು ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತದೆ. ಅಂದಿನ ಬಲಿಪೂಜೆಯಲ್ಲಿ ಓದುವ ಶುಭಸಂದೇಶ ಸಂತ ಮತ್ತಾಯನ ಹದಿನೆಂಟನೆಯ ಅಧ್ಯಾಯದ್ದು. ಸ್ವರ್ಗಸಾಮ್ರಾಜ್ಯದಲ್ಲಿ ಯಾರು ದೊಡ್ಡವರು ಎಂದು ಶಿಷ್ಯರು ಕೇಳುತ್ತಾರೆ. ಯೇಸುಸ್ವಾಮಿ ಒಂದು ಮಗುವನ್ನು ಕರೆದು ಅವರ ನಡುವೆ ನಿಲ್ಲಿಸುತ್ತಾರೆ. ಆ ಮಗು ಯಾರದು, ಯಾವ ಬೀದಿಯದು, ಅದಕ್ಕೆ ತಂದೆತಾಯಿ ಇದ್ದರೇ ಎಂಬುದನ್ನು ಶುಭಸಂದೇಶಕಾರ ಬರೆದಿಲ್ಲ. ಅಲ್ಲೇ ಹತ್ತಿರದಲ್ಲಿ ನಿಂತಿದ್ದ ಯಾವುದೋ ಒಂದು ಮಗು, ಅಷ್ಟೆ. ಡಾನ್ ಬೋಸ್ಕೊರವರ ಚರಿತ್ರೆಯನ್ನು ಓದುವಾಗಲೆಲ್ಲ ನಮಗೆ ಈ ಹೆಸರಿಲ್ಲದ ಮಗು ನೆನಪಾಗುತ್ತದೆ. ('ಡಾನ್' ಎಂಬುದು ಇಟಲಿಯಲ್ಲಿ ಗುರುಗಳನ್ನು ಕರೆಯುವ ಗೌರವದ ಪದ. ನಮ್ಮ ಸಿನಿಮಾಗಳ ಡಾನ್‌ಗೂ ಅದಕ್ಕೂ ಸಂಬಂಧವಿಲ್ಲವೆಂದು ಧರ್ಮೋಪದೇಶದ ತರಗತಿಯಲ್ಲಿ ಪ್ರತಿ ವರ್ಷ ಹೇಳಬೇಕಾಗುತ್ತದೆ.)

ಈ ಸಂತರ ಹಬ್ಬದ ಪ್ರಬೋಧನೆಗಳಲ್ಲಿ ನಾವು ಸಾಮಾನ್ಯವಾಗಿ ಅವರ ಕನಸುಗಳ ಬಗ್ಗೆ, ಪವಾಡಗಳ ಬಗ್ಗೆ, ಅವರನ್ನು ಕಾಪಾಡುತ್ತಿದ್ದ ಬೂದುಬಣ್ಣದ ನಾಯಿಯ ಬಗ್ಗೆ ಕೇಳುತ್ತೇವೆ. ಮಕ್ಕಳಿಗೆ ಆ ನಾಯಿ ಬಹಳ ಇಷ್ಟ, ನಮಗೂ ಇಷ್ಟವೇ. ಆದರೆ ಈ ಸಲ ಅದನ್ನು ಪಕ್ಕಕ್ಕಿಟ್ಟು ಒಂದು ನೇರ ಪ್ರಶ್ನೆಯೊಂದಿಗೆ ಚರಿತ್ರೆಯ ಪುಟಗಳನ್ನು ತಿರುವಿ ನೋಡೋಣ. ದಿಕ್ಕಿಲ್ಲದ, ದಾರಿ ತಪ್ಪುವ ಅಂಚಿನಲ್ಲಿರುವ ಒಬ್ಬ ಹುಡುಗ ಒಳ್ಳೆಯವನಾಗಿ ಬೆಳೆಯಲು ನಿಜವಾಗಿ ಏನು ಬೇಕು?

1841ರ ಜೂನ್ 5ರಂದು ಗುರುದೀಕ್ಷೆ ಪಡೆದ ಜಾನ್ ಬೋಸ್ಕೊ ಅದೇ ವರ್ಷದ ನವೆಂಬರಿನಲ್ಲಿ ಟ್ಯೂರಿನ್ ನಗರಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತಾರು ವರ್ಷ. ಹೊಸ ಗುರುಗಳಿಗೆ ತರಬೇತಿ ಕೊಡುತ್ತಿದ್ದ ಒಂದು ಗುರುನಿವಾಸದಲ್ಲಿ ಅವರಿಗೆ ಮಾರ್ಗದರ್ಶಕರಾಗಿ ಸಿಕ್ಕವರು ಫಾದರ್ ಜೋಸೆಫ್ ಕಫಾಸ್ಸೊ. ಮರಣದಂಡನೆಗೆ ಗುರಿಯಾದವರ ಜೊತೆ ನೇಣುಗಂಬದ ತನಕ ನಡೆದುಹೋಗುತ್ತಿದ್ದ ಈ ಪುಣ್ಯಾತ್ಮರನ್ನು ಧರ್ಮಸಭೆ 1947ರಲ್ಲಿ ಸಂತರೆಂದು ಘೋಷಿಸಿತು. ಅವರು ತಮ್ಮ ಕಿರಿಯ ಮಿತ್ರನನ್ನು ಮೊದಮೊದಲೇ ಕರೆದುಕೊಂಡು ಹೋದದ್ದು ನಗರದ ಸೆರೆಮನೆಗಳಿಗೆ.

ಟ್ಯೂರಿನ್ ಅಂದು ಪೀಡ್ಮಾಂಟ್ ರಾಜ್ಯದ ರಾಜಧಾನಿ. ಲಕ್ಷಕ್ಕೂ ಮೀರಿದ ಜನ, ಎಲ್ಲೆಲ್ಲೂ ಹೊಸ ಕಟ್ಟಡಗಳು. ಸುತ್ತಲಿನ ಬೆಟ್ಟದೂರುಗಳಿಂದ ಹುಡುಗರು ಕೂಲಿಗಾಗಿ ಬರುತ್ತಿದ್ದರು. ಸಾರುವೆಯ ಮೇಲೆ ಗಾರೆ ಹೊರುವವರು, ಹೊಗೆಗೂಡು ಗುಡಿಸುವವರು, ಕಲ್ಲು ಹಾಸುವವರ ಸಹಾಯಕರು. ಊರಿನಲ್ಲಿ ತಂದೆತಾಯಿ ಇದ್ದವರಿಗೆ ಇಲ್ಲಿ ಯಾರೂ ಇರಲಿಲ್ಲ; ಕೆಲವರಿಗೆ ಎಲ್ಲಿಯೂ ಯಾರೂ ಇರಲಿಲ್ಲ. ಬೆಂಗಳೂರಿನಲ್ಲಿ ಎದ್ದು ನಿಲ್ಲುತ್ತಿರುವ ಕಟ್ಟಡಗಳ ಬುಡದಲ್ಲಿ ತಗಡಿನ ಶೆಡ್ಡುಗಳ ಸಾಲನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸೆರೆಮನೆಯಲ್ಲಿ ಡಾನ್ ಬೋಸ್ಕೊ ಕಂಡದ್ದು ಹನ್ನೆರಡರಿಂದ ಹದಿನೆಂಟು ವರ್ಷದ ಹುಡುಗರನ್ನು. ಗಟ್ಟಿಮುಟ್ಟಾದ, ಚುರುಕು ಬುದ್ಧಿಯ ಮಕ್ಕಳು ಹುಳುಹುಪ್ಪಟೆಗಳ ನಡುವೆ, ಅರೆಹೊಟ್ಟೆಯಲ್ಲಿ, ಕೆಲಸವಿಲ್ಲದೆ ಬಿದ್ದಿದ್ದರು. ಅದಕ್ಕಿಂತಲೂ ಅವರನ್ನು ಕಲಕಿದ್ದು ಇನ್ನೊಂದು ಸಂಗತಿ. ಇನ್ನು ಮುಂದೆ ನೆಟ್ಟಗೆ ಬಾಳುತ್ತೇವೆಂದು ನಿಜವಾದ ಮನಸ್ಸಿನಿಂದ ಹೇಳಿ ಬಿಡುಗಡೆಯಾದ ಹುಡುಗರೇ ಕೆಲವು ದಿನಗಳಲ್ಲಿ ಮತ್ತೆ ಅದೇ ಜಾಗಕ್ಕೆ ವಾಪಸು ಬರುತ್ತಿದ್ದರು. ಯಾಕೆ? ಅವರು ಕೆಟ್ಟವರೆಂದೇ? ಡಾನ್ ಬೋಸ್ಕೊ ಹಾಗೆ ಎಣಿಸಲಿಲ್ಲ. ಹೊರಗೆ ಅವರಿಗಾಗಿ ಯಾರೂ ಇಲ್ಲವಲ್ಲ, ಅದೇ ಕಾರಣ ಎಂದು ಅವರಿಗೆ ಹೊಳೆಯಿತು. ಹೊರಗೆ ಒಬ್ಬ ಸ್ನೇಹಿತನಿದ್ದು, ಹಬ್ಬದ ದಿನಗಳಲ್ಲಿ ವಿಚಾರಿಸಿಕೊಂಡು, ಕೆಲಸ ಹುಡುಕಿಕೊಟ್ಟಿದ್ದರೆ ಇವರಲ್ಲಿ ಎಷ್ಟೋ ಮಂದಿ ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂದು ಅವರು ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ.

ಪ್ರಿಯರೇ, ಈ ಮಾತು ಕೇಳಲು ಸರಳ. ಆದರೆ ಅವರ ಮುಂದಿನ ನಲವತ್ತಾರು ವರ್ಷಗಳ ಸೇವೆಯೆಲ್ಲ ಇದರಿಂದಲೇ ಹುಟ್ಟಿತು. ಬುದ್ಧಿಮಾತು ಆ ಹುಡುಗರಿಗೆ ಸೆರೆಮನೆಯಲ್ಲೇ ಧಾರಾಳವಾಗಿ ಸಿಕ್ಕಿತ್ತು. ಬಾಗಿಲು ತೆರೆದು ಬೀದಿಗೆ ಬಿಟ್ಟ ದಿನ ರಾತ್ರಿ ಊಟ ಎಲ್ಲಿ, ಮಲಗುವುದೆಲ್ಲಿ ಎಂಬುದಕ್ಕೆ ಉತ್ತರ ಸಿಕ್ಕಿರಲಿಲ್ಲ.

ಇದನ್ನು ಅವರು ಯಾವುದೋ ಪುಸ್ತಕದಿಂದ ಕಲಿತವರಲ್ಲ. 1815ರ ಆಗಸ್ಟ್ 16ರಂದು ಬೆಕ್ಕಿ ಎಂಬ ಕುಗ್ರಾಮದಲ್ಲಿ ಹುಟ್ಟಿದ ಜಾನ್ ಬೋಸ್ಕೊ ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡವರು. ಓದುವ ಹುಚ್ಚು. ಮಲಅಣ್ಣ ಅಂತೋನಿಗೋ ಅದು ಕಣ್ಣಿಗೆ ಆಗದು. ಹೊಲದಲ್ಲಿ ದುಡಿಯಬೇಕಾದವನಿಗೆ ಪುಸ್ತಕ ಯಾಕೆ ಎಂಬ ಜಗಳ. ಕೊನೆಗೆ ತಾಯಿಯೇ ಎದೆ ಕಲ್ಲು ಮಾಡಿಕೊಂಡು ಹುಡುಗನನ್ನು ಬೇರೆಯವರ ಮನೆಗೆ ಜೀತದಾಳಿನಂತೆ ಕಳುಹಿಸಬೇಕಾಯಿತು. ಮೊಲ್ಯ ಎಂಬವರ ಹೊಲಮನೆಯಲ್ಲಿ ದನ ಕಾಯುತ್ತ ಸುಮಾರು ಎರಡು ವರ್ಷ ಕಳೆದರು. ನಮ್ಮ ಹಳ್ಳಿಗಳಲ್ಲಿ ಇಂಥ ಮನೆಗಳ ಕಥೆ ಗೊತ್ತಿಲ್ಲದವರು ಯಾರಿದ್ದಾರೆ?

ಆ ಊರಿನ ಗುರುಗಳು ದೂರದಿಂದ ನಮಸ್ಕಾರ ಸ್ವೀಕರಿಸಿ ಗಂಭೀರವಾಗಿ ಮುಂದೆ ಹೋಗಿಬಿಡುತ್ತಿದ್ದರಂತೆ. ತಾನು ಗುರುವಾದರೆ ಹೀಗೆ ಮಾಡಲಾರೆ, ಮಕ್ಕಳ ಬಳಿಗೆ ಹೋಗಿ ಮಾತಾಡಿಸುತ್ತೇನೆ ಎಂದು ಹುಡುಗ ತಾಯಿಯ ಬಳಿ ಹೇಳಿದ್ದನಂತೆ. (ಈ ಸಾಲನ್ನು ಓದುವಾಗ ನಮ್ಮ ಗುರುಬಾಂಧವರು ಒಂದು ಕ್ಷಣ ತಡೆದರೆ ತಪ್ಪೇನಿಲ್ಲ.) ಆಮೇಲೆ 1829ರ ನವೆಂಬರಿನಲ್ಲಿ, ಧ್ಯಾನಕೂಟದ ಪ್ರಬೋಧನೆ ಕೇಳಿ ಮನೆಗೆ ನಡೆದು ಬರುತ್ತಿದ್ದಾಗ, ಫಾದರ್ ಕಲೊಸ್ಸೊ ಎಂಬ ಎಪ್ಪತ್ತರ ಹತ್ತಿರದ ಗುರುಗಳು ಅವನ ಪಕ್ಕ ಬಂದರು. ಪ್ರಬೋಧನೆಯಲ್ಲಿ ಏನು ಅರ್ಥವಾಯಿತೆಂದು ತಮಾಷೆಗೆ ಕೇಳಿದರು. ಹುಡುಗ ಇಡೀ ಪ್ರಬೋಧನೆಯನ್ನು ಒಪ್ಪಿಸಿಬಿಟ್ಟ! ಅಂದಿನಿಂದ ಆ ವೃದ್ಧರು ಅವನಿಗೆ ಪಾಠ ಹೇಳಿಕೊಟ್ಟರು, ಮನೆಯಲ್ಲಿಟ್ಟುಕೊಂಡರು. ಆದರೆ ಒಂದೇ ವರ್ಷದಲ್ಲಿ, 1830ರ ನವೆಂಬರಿನಲ್ಲಿ, ತೀರಿಕೊಂಡರು. ಸಾಯುವಾಗ ತಮ್ಮ ಹಣದ ಪೆಟ್ಟಿಗೆಯ ಕೀಲಿಕೈಯನ್ನು ಹುಡುಗನ ಕೈಗೆ ಕೊಟ್ಟಿದ್ದರು. ಅವನು ಅದನ್ನು ಅವರ ಬಂಧುಗಳಿಗೆ ಒಪ್ಪಿಸಿ ಬರಿಗೈಲಿ ಹೊರಬಂದ. ಹಣ ಹೋದದ್ದಕ್ಕೆ ಅವನು ಅಳಲಿಲ್ಲ. ತನಗಾಗಿ ಇದ್ದ ಒಬ್ಬ ಹಿರಿಯರು ಹೋದರೆಂಬ ದುಃಖ ಮಾತ್ರ ಬಹುಕಾಲ ಅವನನ್ನು ಬಿಡಲಿಲ್ಲ.

ಸೆರೆಮನೆಯ ಹುಡುಗರ ಕಣ್ಣುಗಳಲ್ಲಿ ಅವರು ಬೇಗ ಗುರುತಿಸಿದ್ದು ಇದನ್ನೇ ಇರಬೇಕು.

1841ರ ಡಿಸೆಂಬರ್ 8, ಅಮಲೋದ್ಭವ ಮಾತೆಯ ಹಬ್ಬ. ಸಂತ ಫ್ರಾನ್ಸಿಸ್ ಅಸ್ಸಿಸಿಯವರ ದೇವಾಲಯದಲ್ಲಿ ಬಲಿಪೂಜೆಗೆ ಡಾನ್ ಬೋಸ್ಕೊ ಸಿದ್ಧರಾಗುತ್ತಿದ್ದರು. ಚಳಿಗೆ ಒಳಗೆ ಬಂದ ಒಬ್ಬ ಹುಡುಗನಿಗೆ ಪೂಜೆಗೆ ಸಹಾಯ ಮಾಡಲು ಬರುವುದಿಲ್ಲವೆಂದು ತಿಳಿದ ದೇವಾಲಯದ ಪರಿಚಾರಕ ಕೋಲಿನಿಂದ ಹೊಡೆದು ಅಟ್ಟಿದ. ಡಾನ್ ಬೋಸ್ಕೊ ಆ ಹುಡುಗ ತಮ್ಮ ಸ್ನೇಹಿತನೆಂದು ಹೇಳಿ ವಾಪಸು ಕರೆಸಿದರು. ಹೆಸರು ಬಾರ್ತೊಲೊಮೆಯೊ ಗರೆಲ್ಲಿ, ಆಸ್ತಿ ಕಡೆಯವನು, ಹದಿನಾರು ವರ್ಷ, ಗಾರೆ ಕೆಲಸ. ತಂದೆ ಇಲ್ಲ, ತಾಯಿ ಇಲ್ಲ. ಓದು ಬರಹ ಇಲ್ಲ. ಪರಮಪ್ರಸಾದ ಇನ್ನೂ ಸ್ವೀಕರಿಸಿಲ್ಲ. ಇವನ್ನು ಒಂದೊಂದಾಗಿ ಕೇಳಿ ತಿಳಿದುಕೊಂಡ ನಂತರವೇ ಅವರು ಶಿಲುಬೆಯ ಗುರುತಿನಿಂದ ಧರ್ಮೋಪದೇಶ ಆರಂಭಿಸಿದರು. ಮೊದಲು ಹೆಸರು, ಆಮೇಲೆ ಮನೆಯ ವಿಚಾರ, ಆಮೇಲೆ ದೇವರ ವಿಚಾರ. ಈ ಅನುಕ್ರಮವನ್ನು ನಾವು ಗಮನಿಸಬೇಕು. ಮುಂದಿನ ಭಾನುವಾರ ಗರೆಲ್ಲಿ ಇನ್ನೂ ಕೆಲವು ಗೆಳೆಯರನ್ನು ಕರೆದುಕೊಂಡು ಬಂದ.

ಸಂಖ್ಯೆ ಬೆಳೆಯಿತು, ತೊಂದರೆಯೂ ಬೆಳೆಯಿತು. ಭಾನುವಾರದ ಈ ಮಕ್ಕಳ ಕೂಟಕ್ಕೆ 'ಒರಟರಿ' ಎಂದು ಹೆಸರು. ಪ್ರಾರ್ಥನೆ, ಪಾಠ, ಹಾಡು, ಆಟ, ಗಲಾಟೆ ಎಲ್ಲ ಸೇರಿದ ಕೂಟ. ಹಿಟ್ಟಿನ ಗಿರಣಿಗಳ ಹತ್ತಿರ ಜಾಗ ಸಿಕ್ಕಿತು, ಅಲ್ಲಿನವರು ಸದ್ದಿಗೆ ಬೇಸತ್ತರು. ಸ್ಮಶಾನದ ದೇವಾಲಯದಿಂದ ಒಂದೇ ದಿನದಲ್ಲಿ ಹೊರಗೆ ಹಾಕಿಸಿಕೊಂಡರು. ಬಾಡಿಗೆ ಕೋಣೆಗಳಿಂದ ಎದ್ದರು. ಕೊನೆಗೆ ಒಂದು ಹುಲ್ಲುಗಾವಲು ಸಿಕ್ಕಿತು; ಮಕ್ಕಳ ತುಳಿತಕ್ಕೆ ಹುಲ್ಲಿನ ಬೇರೇ ಸಾಯುತ್ತಿದೆ ಎಂದು ಮಾಲೀಕರು ಬಿಡಿಸಿದರು. ಡಾನ್ ಬೋಸ್ಕೊರವರಿಗೆ ತಲೆ ಕೆಟ್ಟಿದೆಯೆಂಬ ಸುದ್ದಿ ಹಬ್ಬಿ, ಇಬ್ಬರು ಗುರುಗಳು ಅವರನ್ನು ಹುಚ್ಚಾಸ್ಪತ್ರೆಗೆ ಒಯ್ಯಲು ಗಾಡಿ ತಂದರು. ಹಿರಿಯರು ಮೊದಲು ಹತ್ತಲಿ ಎಂದು ವಿನಯದಿಂದ ಅವರಿಬ್ಬರನ್ನೂ ಒಳಗೆ ಕೂರಿಸಿ, ಬಾಗಿಲು ಹಾಕಿ, ಗಾಡಿಯವನಿಗೆ ಹೊರಡಲು ಹೇಳಿಬಿಟ್ಟರು. ಆಸ್ಪತ್ರೆಯಲ್ಲಿ ಆ ಇಬ್ಬರು ಎಷ್ಟು ಹೊತ್ತು ವಾದ ಮಾಡಬೇಕಾಯಿತೋ!

1846ರ ಏಪ್ರಿಲ್ 12, ಪಾಸ್ಖ ಹಬ್ಬದ ದಿನ, ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವರ ಒಂದು ತಗ್ಗಾದ ಶೆಡ್ಡಿನಲ್ಲಿ ಅವರು ನೆಲೆ ನಿಂತರು. ಛಾವಣಿ ಎಷ್ಟು ತಗ್ಗೆಂದರೆ ನೆಲವನ್ನು ಅಗೆದು ಆಳ ಮಾಡಬೇಕಾಯಿತು. ಆದರೂ ಮುಂದೆ ದೃಢೀಕರಣ ಸಂಸ್ಕಾರ ಕೊಡಲು ಬಂದ ಮಹಾಧರ್ಮಾಧ್ಯಕ್ಷರ ಕಿರೀಟ ಛಾವಣಿಗೆ ತಾಗಿತು. ನಗರದ ಧರ್ಮಕೇಂದ್ರಗಳ ಗುರುಗಳಿಂದ ಆಕ್ಷೇಪಣೆಯೂ ಬಂದಿತ್ತು: ಮಕ್ಕಳನ್ನು ಅವರವರ ಧರ್ಮಕೇಂದ್ರಗಳಿಂದ ಈತ ಸೆಳೆಯುತ್ತಿದ್ದಾನೆ ಎಂದು. ಡಾನ್ ಬೋಸ್ಕೊ ಕೊಟ್ಟ ಉತ್ತರ ಸರಳವಾಗಿತ್ತು. ಈ ಹುಡುಗರಲ್ಲಿ ಹೆಚ್ಚಿನವರು ಪರವೂರಿನವರು, ತಮ್ಮದು ಯಾವ ಧರ್ಮಕೇಂದ್ರವೆಂದೇ ಅವರಿಗೆ ಗೊತ್ತಿಲ್ಲ. ಹೀಗೆ ಆ ಶೆಡ್ಡು ಧರ್ಮಕೇಂದ್ರವಿಲ್ಲದವರ ಧರ್ಮಕೇಂದ್ರವಾಯಿತು. ನಮ್ಮ ಕುಟುಂಬ ದಾಖಲೆ ಪುಸ್ತಕದಲ್ಲಿ ಹೆಸರಿಲ್ಲದ, ಆದರೆ ನಮ್ಮ ಗಡಿಯೊಳಗೇ ಬಾಡಿಗೆ ಕೋಣೆಗಳಲ್ಲಿ ನಾಲ್ಕೈದು ಜನ ಒಟ್ಟಿಗೆ ಮಲಗುವ ಹೋಟೆಲಿನ ಹುಡುಗರು, ಸೆಕ್ಯುರಿಟಿ ಕೆಲಸದ ಹುಡುಗರು ಎಷ್ಟಿದ್ದಾರೆ? ಅವರಲ್ಲಿ ಕಥೋಲಿಕರೂ ಇದ್ದಾರೆ. ಭಾನುವಾರ ದೇವಾಲಯದ ಕೊನೆಯಲ್ಲಿ, ಬಾಗಿಲ ಬಳಿ, ನಿಂತು ಹೋಗುವವರು ಅವರೇ.

ಅದೇ ವರ್ಷ ಡಾನ್ ಬೋಸ್ಕೊ ಕಾಯಿಲೆ ಬಿದ್ದು ಸಾವಿನ ಬಾಗಿಲಿಗೆ ಹೋಗಿ ಬಂದರು. ನವೆಂಬರ್ 3ರಂದು ಊರಿನಿಂದ ನಡೆದುಕೊಂಡೇ ವಾಪಸು ಬಂದಾಗ ಜೊತೆಯಲ್ಲಿ ತಾಯಿ ಮಾರ್ಗರಿತಾ ಇದ್ದರು. ಐವತ್ತೆಂಟು ವರ್ಷದ ಆ ರೈತ ಮಹಿಳೆ ತನ್ನ ಮದುವೆಯ ಬಟ್ಟೆಬರೆ ಒಡವೆಗಳನ್ನು ಮಾರಿ ಆ ಮನೆಯ ಒಲೆ ಹಚ್ಚಿದರು. ಒಂದು ರಾತ್ರಿ ಕೆಲವು ಹುಡುಗರನ್ನು ಹುಲ್ಲಿನ ಅಟ್ಟದ ಮೇಲೆ ಮಲಗಿಸಿದರು. ಬೆಳಗಾಗುವಾಗ ಹುಡುಗರೂ ಇಲ್ಲ, ಹೊದಿಕೆಗಳೂ ಇಲ್ಲ. ನಮ್ಮಲ್ಲಾದರೆ ಅಷ್ಟಕ್ಕೇ ಆ ಕೆಲಸ ಮುಗಿಯುತ್ತಿತ್ತು. ಪಾಲನಾ ಸಮಿತಿಯ ಸಭೆಯಲ್ಲಿ 'ನಾವು ಮೊದಲೇ ಹೇಳಿರಲಿಲ್ಲವೇ' ಎನ್ನುವವರು ನಾಲ್ಕು ಮಂದಿಯಾದರೂ ಇರುತ್ತಿದ್ದರು.

1847ರ ಮೇ ತಿಂಗಳಲ್ಲಿ, ಮಳೆ ಸುರಿಯುವ ಒಂದು ರಾತ್ರಿ, ವಾಲ್‌ಸೇಸಿಯ ಕಣಿವೆಯ ಒಬ್ಬ ಅನಾಥ ಹುಡುಗ ಬಾಗಿಲು ತಟ್ಟಿದ. ಮೈಯೆಲ್ಲ ತೋಯ್ದಿತ್ತು, ಕೆಲಸ ಹುಡುಕಿ ಬಂದವನ ಕೈಯಲ್ಲಿ ಕಾಸಿರಲಿಲ್ಲ. ಇವನೂ ಏನಾದರೂ ಹೊತ್ತೊಯ್ದರೆ ಎಂಬ ಅಳುಕು ತಾಯಿಗೆ ಇದ್ದೇ ಇತ್ತು. ಆದರೂ ಊಟ ಬಡಿಸಿದರು. ಇಟ್ಟಿಗೆಗಳ ಮೇಲೆ ಹಲಗೆ ಇಟ್ಟು ಅಡಿಗೆಮನೆಯಲ್ಲೇ ಹಾಸಿಗೆ ಮಾಡಿಕೊಟ್ಟರು. ಮಲಗುವ ಮುಂಚೆ ದುಡಿಮೆಯ ಬಗ್ಗೆ, ಪ್ರಾಮಾಣಿಕತೆಯ ಬಗ್ಗೆ, ದೇವರ ಬಗ್ಗೆ ನಾಲ್ಕು ಮಾತು ಹೇಳಿದರು. ಇಂದಿಗೂ ಜಗತ್ತಿನಾದ್ಯಂತ ಡಾನ್ ಬೋಸ್ಕೊ ಮನೆಗಳಲ್ಲಿ ರಾತ್ರಿ ಮಲಗುವ ಮುನ್ನ ಹಿರಿಯರು ಮಕ್ಕಳಿಗೆ ಹೇಳುವ 'ಶುಭರಾತ್ರಿಯ ಮಾತು' ಶುರುವಾದದ್ದು ಆ ಅಡಿಗೆಮನೆಯಲ್ಲಿ. ಗಮನಿಸಿ, ಮೊದಲು ಬಿಸಿ ಸೂಪು, ನಂತರ ಹಾಸಿಗೆ, ಆಮೇಲೆ ಉಪದೇಶ. ಅದೂ ನಾಲ್ಕೇ ಮಾತು.

ಡಾನ್ ಬೋಸ್ಕೊರವರ ಪ್ರೀತಿ ಭಾನುವಾರಕ್ಕೆ ಸೀಮಿತವಾಗಿರಲಿಲ್ಲ. ವಾರದ ದಿನಗಳಲ್ಲಿ ಅವರು ಕಟ್ಟಡಗಳ ಬಳಿಗೆ, ಅಂಗಡಿಗಳಿಗೆ, ಕಾರ್ಖಾನೆಗಳಿಗೆ ಹೋಗಿ ತಮ್ಮ ಹುಡುಗರನ್ನು ನೋಡಿ ಬರುತ್ತಿದ್ದರು. ಮೇಸ್ತ್ರಿಗಳಿಗೆ ಆಗಲೇ ಗೊತ್ತಾಯಿತು, ಈ ಹುಡುಗನನ್ನು ಕೇಳುವವರಿದ್ದಾರೆ ಎಂದು. ಕೇಳುವವರು ಇದ್ದಾರೆಂಬುದೇ ಒಂದು ರಕ್ಷಣೆ. ಮುಂದೆ ಇದನ್ನು ಅವರು ಕಾಗದಕ್ಕೂ ಇಳಿಸಿದರು. 1852ರ ಫೆಬ್ರವರಿ 8ರ ತಾರೀಖಿನ ಒಂದು ಕರಾರುಪತ್ರ ಇಂದಿಗೂ ಉಳಿದಿದೆ. ಛಾಪಾ ಕಾಗದದ ಮೇಲೆ ಬರೆದದ್ದು. ಒಂದು ಕಡೆ ಬಡಗಿ ಮೇಸ್ತ್ರಿ ಜೋಸೆಫ್ ಬೆರ್ತೊಲಿನೊ, ಇನ್ನೊಂದು ಕಡೆ ಮೊಂದೊವಿಯ ಹುಡುಗ ಜೋಸೆಫ್ ಒದಾಸ್ಸೊ ಮತ್ತು ಅವನ ತಂದೆ, ನಡುವೆ ಡಾನ್ ಬೋಸ್ಕೊ. ಎರಡು ವರ್ಷಗಳಲ್ಲಿ ಮೇಸ್ತ್ರಿ ಬಡಗಿ ಕೆಲಸವನ್ನು ಸರಿಯಾಗಿ ಕಲಿಸಬೇಕು. ತಪ್ಪು ಮಾಡಿದರೆ ತಂದೆಯಂತೆ ಬಾಯಿಮಾತಿನಲ್ಲಿ ತಿದ್ದಬೇಕು, ಬೇರೆ ರೀತಿಯಲ್ಲಿ ಅಲ್ಲ. ಕಸುಬಿಗೆ ಸಂಬಂಧಿಸದ ಕೆಲಸಕ್ಕೆ ಹಚ್ಚಕೂಡದು. ಹಬ್ಬದ ದಿನಗಳು ಪೂರ್ತಿ ರಜೆ. ಕೂಲಿ ಹಂತಹಂತವಾಗಿ ಹೆಚ್ಚಬೇಕು. ಹುಡುಗನಿಗೂ ಷರತ್ತುಗಳಿವೆ: ಶ್ರದ್ಧೆ ಇರಬೇಕು, ವಿಧೇಯತೆ ಇರಬೇಕು. ಉಪಕರಣ ಹಾಳು ಮಾಡಿದರೆ ತಂದೆ ಹೊಣೆ.

ಕಲಿಯುವ ಹುಡುಗರೆಂದರೆ ಮೇಸ್ತ್ರಿಯ ಮನೆಯ ನೀರು ಹೊರುವವರು, ಮಗು ಆಡಿಸುವವರು, ಏಟು ತಿನ್ನುವವರು ಎಂದಿದ್ದ ಕಾಲ ಅದು. ಕಾರ್ಮಿಕ ಕಾನೂನುಗಳು ಬರುವ ಎಷ್ಟೋ ಮೊದಲು ಒಬ್ಬ ಗುರುಗಳು ಒಬ್ಬ ಬಡ ಹುಡುಗನಿಗಾಗಿ ಸಹಿ ಹಾಕಿ ನಿಂತರು. ನಾವು ಗುರುಮಠದಲ್ಲಿ ಡಾನ್ ಬೋಸ್ಕೊರವರ ಶಿಕ್ಷಣ ಪದ್ಧತಿಯನ್ನು ಮೂರು ಪದಗಳಲ್ಲಿ ಕಲಿತೆವು: ವಿವೇಕ, ಧರ್ಮಶ್ರದ್ಧೆ, ವಾತ್ಸಲ್ಯ. 1877ರಲ್ಲಿ ಫ್ರಾನ್ಸಿನ ನೀಸ್ ನಗರದಲ್ಲಿ ಒಂದು ಮನೆ ಆರಂಭವಾದಾಗ ಅವರೇ ಬರೆದು ಪ್ರಕಟಿಸಿದ ಪುಟ್ಟ ಪ್ರಬಂಧದ ಸಾರ ಅದು. ತಪ್ಪು ಮಾಡಿದ ಮೇಲೆ ಶಿಕ್ಷಿಸುವ ಬದಲು ತಪ್ಪು ನಡೆಯದಂತೆ ಜೊತೆಗಿರುವುದೆಂದು ಅದಕ್ಕೆ ವಿವರಣೆ. ಪರೀಕ್ಷೆಗೆ ಆ ಮೂರು ಪದಗಳು ಸಾಕು. ಆದರೆ ನಮ್ಮನ್ನು ಕೇಳಿದರೆ ಆ ಪದ್ಧತಿಯ ಅತ್ಯುತ್ತಮ ಪುಟ ಈ ಛಾಪಾ ಕಾಗದವೇ.

ಇದೇ ಹೊತ್ತಿಗೆ ಸಂಜೆಶಾಲೆಗಳು, ಭಾನುವಾರದ ಶಾಲೆಗಳು ನಡೆಯುತ್ತಿದ್ದವು. 1850ರ ಜನವರಿ 1ರಿಂದ ಆ ರಾಜ್ಯದಲ್ಲಿ ಮೀಟರು, ಲೀಟರು, ಕಿಲೋಗಳ ಹೊಸ ಅಳತೆ ಕಡ್ಡಾಯವಾಗುವುದಿತ್ತು. ಲೆಕ್ಕ ಗೊತ್ತಿಲ್ಲದ ಹುಡುಗರಿಗೆ ಕೂಲಿಯಲ್ಲಿ ಮೋಸವಾಗದಿರಲೆಂದು ಡಾನ್ ಬೋಸ್ಕೊ ಅದಕ್ಕೆ ಮುಂಚೆಯೇ ದಶಮಾನ ಪದ್ಧತಿಯ ಮೇಲೆ ಸರಳವಾದ ಪುಸ್ತಕ ಬರೆದರು. ಸಂತರೊಬ್ಬರು ಬರೆದ ತೂಕ ಅಳತೆಯ ಪುಸ್ತಕ! 1850ರಲ್ಲಿ ಹುಡುಗರಲ್ಲೇ ಒಂದು ಪರಸ್ಪರ ಸಹಾಯ ಸಂಘ ಆರಂಭವಾಯಿತು. ಭಾನುವಾರಕ್ಕೊಂದು ಸಣ್ಣ ಕಾಸು ಹಾಕಬೇಕು, ಸದಸ್ಯನೊಬ್ಬ ಕಾಯಿಲೆ ಬಿದ್ದರೆ ಗುಣವಾಗುವ ತನಕ ಸಂಘದಿಂದ ದಿನಭತ್ಯೆ. ಇಂದು ನಮ್ಮ ತಾಯಂದಿರು ನಡೆಸುವ ಸ್ವಸಹಾಯ ಸಂಘಗಳ ಲೆಕ್ಕವೇ. ಮುಂದೆ 1853ರಿಂದ ಮನೆಯಲ್ಲೇ ಚಪ್ಪಲಿ ಹೊಲಿಯುವ, ಬಟ್ಟೆ ಹೊಲಿಯುವ, ಪುಸ್ತಕ ಕಟ್ಟುವ ಕಾರ್ಯಾಗಾರಗಳು ಒಂದೊಂದಾಗಿ ಬಂದವು. ಹೆಣ್ಣುಮಕ್ಕಳಿಗಾಗಿ ಇದೇ ಕೆಲಸವನ್ನು ಮೊರ್ನೇಸೆ ಹಳ್ಳಿಯಲ್ಲಿ ಹೊಲಿಗೆ ಕಲಿಸುತ್ತಿದ್ದ ಸಂತ ಮರಿಯ ಮಝರೆಲ್ಲೊ ಕೈಗೆತ್ತಿಕೊಂಡರು. 1872ರಲ್ಲಿ ಸಲೇಸಿಯನ್ ಭಗಿನಿಯರ ಸಭೆ ಹುಟ್ಟಿತು.

ಒಬ್ಬ ಹುಡುಗನ ಕಥೆಯನ್ನಂತೂ ಹೇಳಲೇಬೇಕು. 1857ರ ಶರತ್ಕಾಲದ ಒಂದು ಸಂಜೆ, ಮಂಜು ಕವಿದ ಕರ್ಮಾಞೋಲ ರೈಲು ನಿಲ್ದಾಣ. ಡಾನ್ ಬೋಸ್ಕೊ ರೈಲಿಗಾಗಿ ಕಾಯುತ್ತಿದ್ದರು. ಒಂದು ಪುಂಡ ಹುಡುಗರ ದಂಡು ಆಡುತ್ತಿತ್ತು, ಎಲ್ಲರ ಮೇಲೂ ಒಬ್ಬನ ದನಿ ಕೇಳುತ್ತಿತ್ತು. ಅವರು ಹತ್ತಿರ ಹೋದಾಗ ಉಳಿದವರು ಓಡಿದರು, ಅವನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತ. ಮಿಕೆಲೆ ಮಗೋನೆ, ಹದಿಮೂರರ ಹತ್ತಿರದ ವಯಸ್ಸು, ತಂದೆಯಿಲ್ಲ, ದಂಡಿಗೆ ತಾನೇ ದಂಡನಾಯಕ. ಕೆಲವೇ ದಿನಗಳಲ್ಲಿ ವಾಲ್ದೊಕ್ಕೊಗೆ ಬಂದ. ಆಟದಲ್ಲಿ ಬಿರುಗಾಳಿ. ಒಬ್ಬ ಒಳ್ಳೆಯ ಗೆಳೆಯನನ್ನು ಅವನ ಜೊತೆಗಿರಲು ಡಾನ್ ಬೋಸ್ಕೊ ಗೊತ್ತು ಮಾಡಿದರು. ಆ ಗೆಳೆಯ ಅವನನ್ನು ಮೆಲ್ಲಗೆ ತಿದ್ದುತ್ತಿದ್ದ. ಒಂದು ತಿಂಗಳು ಕಳೆಯುವುದರಲ್ಲಿ ಮಗೋನೆ ಮಂಕಾದ, ಮೂಲೆಯಲ್ಲಿ ಕೂತು ಅಳತೊಡಗಿದ. ಡಾನ್ ಬೋಸ್ಕೊ ಅವನಿಗೆ ಗದರಲಿಲ್ಲ, ಕಾರಣ ಹೇಳು ಎಂದು ಪೀಡಿಸಲೂ ಇಲ್ಲ. ಕರೆದು, ಮಾತಿಗೆ ಅವಕಾಶ ಕೊಟ್ಟು, ಅವನು ಮನಸ್ಸು ತೆರೆಯುವವರೆಗೆ ತಾಳ್ಮೆಯಿಂದಿದ್ದರು. ಪಾಪನಿವೇದನೆ ಮಾಡಿ ಎದ್ದ ಹುಡುಗ ಮತ್ತೆ ಮೊದಲಿನಂತೆ ಆಟದ ಬಯಲಿಗೆ ಹಾರಿದ.

ಇಲ್ಲಿ ನಮಗೆ ಮೆಚ್ಚುಗೆಯಾಗುವುದು ಅವನ ಬಿರುಸನ್ನು ಯಾರೂ ಆರಿಸಲಿಲ್ಲ ಎಂಬುದು. ದಂಡನಾಯಕ ದಂಡನಾಯಕನಾಗಿಯೇ ಉಳಿದ. ನಗರದ ಚೌಕದಲ್ಲಿ ದೇವರ ಹೆಸರನ್ನು ಹೀನವಾಗಿ ಬಳಸಿದ ಹುಡುಗನೊಬ್ಬನ ಕೆನ್ನೆಗೆ ಎರಡು ಬಾರಿಸಿ, ಡಾನ್ ಬೋಸ್ಕೊ ನಡುವೆ ಬಂದು ಬಿಡಿಸಬೇಕಾದ ಪ್ರಸಂಗವನ್ನು ಅವರೇ ನಗುತ್ತ ಬರೆದಂತೆ ಕಾಣುತ್ತದೆ. 1859ರ ಜನವರಿಯಲ್ಲಿ ಮಗೋನೆ ಕಾಯಿಲೆಯಿಂದ ತೀರಿಕೊಂಡ. ಎರಡು ವರ್ಷಗಳ ನಂತರ ಡಾನ್ ಬೋಸ್ಕೊ ಅವನ ಜೀವನಚರಿತ್ರೆಯನ್ನು ಪ್ರಕಟಿಸಿದರು. ಸಂತ ಡೊಮಿನಿಕ್ ಸಾವಿಯೊ ಎಲ್ಲರಿಗೂ ಗೊತ್ತು. ಆತ ಒಳ್ಳೆಯ ಮನೆಯಿಂದ ಒಳ್ಳೆಯವನಾಗಿಯೇ ಬಂದವನು. ಮಗೋನೆ ರೈಲು ನಿಲ್ದಾಣದಿಂದ ಬಂದವನು. ನಮ್ಮ ಧರ್ಮೋಪದೇಶದ ತರಗತಿಗಳಲ್ಲಿ ಇವನ ಹೆಸರೂ ಕೇಳಿಬರಲಿ ಎಂಬುದು ನಮ್ಮ ಆಸೆ.

1854ರ ಬೇಸಿಗೆಯಲ್ಲಿ ಟ್ಯೂರಿನ್‌ಗೆ ಕಾಲರಾ ಬಂತು. ರೋಗಿಗಳನ್ನು ಮುಟ್ಟಲು ಜನ ಹೆದರುತ್ತಿದ್ದಾಗ ಡಾನ್ ಬೋಸ್ಕೊ ತಮ್ಮ ಹುಡುಗರಲ್ಲಿ ಸ್ವಯಂಸೇವಕರು ಬೇಕೆಂದರು. ಮೊದಲು ಹದಿನಾಲ್ಕು, ಆಮೇಲೆ ಇನ್ನೂ ಮೂವತ್ತು ಮಂದಿ ಮುಂದೆ ಬಂದರು. ಮಾರ್ಗರಿತಾ ಮನೆಯ ಹಾಸು ಹೊದಿಕೆಗಳನ್ನೆಲ್ಲ ಕೊಟ್ಟು, ಕೊನೆಗೆ ಬಲಿಪೀಠದ ಬಟ್ಟೆಗಳನ್ನೂ ಕೊಟ್ಟರು. ಹುಡುಗರಲ್ಲಿ ಯಾರಿಗೂ ರೋಗ ತಗಲಲಿಲ್ಲ. ಇದನ್ನು ಪವಾಡವೆಂದೇ ನಾವು ಪ್ರಸಂಗಿಸುತ್ತೇವೆ. ಆದರೆ ಇನ್ನೊಂದು ಸಂಗತಿಯನ್ನು ಬಿಟ್ಟುಬಿಡುತ್ತೇವೆ. ಊರು ಯಾರನ್ನು ಕಳ್ಳರೆಂದು ದೂರ ಇಟ್ಟಿತ್ತೋ ಅವರೇ ಊರಿನ ರೋಗಿಗಳನ್ನು ಹೊತ್ತರು. ಕೈಚಾಚಿ ಪಡೆದುಕೊಂಡೇ ಬೆಳೆದ ಹುಡುಗನಿಗೆ 'ನೀನೂ ಬೇಕು' ಎಂದು ಯಾರಾದರೂ ಹೇಳಿದರೆ ಅವನ ಬೆನ್ನು ಹೇಗೆ ನೆಟ್ಟಗಾಗುತ್ತದೆಂಬುದನ್ನು ಹಬ್ಬದ ಮುನ್ನಾದಿನ ದೇವಾಲಯ ಅಲಂಕರಿಸಲು ಬರುವ ಹುಡುಗರಲ್ಲಿ ನಾವೂ ಕಂಡಿದ್ದೇವೆ.

ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲವೂ ಸುಖಾಂತವಾಗುತ್ತದೆ. ಚರಿತ್ರೆ ಅಷ್ಟು ಸುಲಭವಾಗಿಲ್ಲ. 1884ರ ಹೊತ್ತಿಗೆ ವಾಲ್ದೊಕ್ಕೊ ದೊಡ್ಡ ಸಂಸ್ಥೆಯಾಗಿತ್ತು. ದೊಡ್ಡ ದೇವಾಲಯ, ಮುದ್ರಣಾಲಯ, ನೂರಾರು ವಿದ್ಯಾರ್ಥಿಗಳು. ಆ ವರ್ಷದ ಮೇ 10ರಂದು, ಅರವತ್ತೆಂಟರ ಡಾನ್ ಬೋಸ್ಕೊ ಅಸ್ವಸ್ಥರಾಗಿ ರೋಮಿನಲ್ಲಿದ್ದಾಗ, ತಮ್ಮ ಮನೆಗೆ ಒಂದು ಪತ್ರ ಕಳುಹಿಸಿದರು. ಒಂದು ಕನಸಿನ ರೂಪದಲ್ಲಿ ಎರಡು ಆಟದ ಬಯಲುಗಳ ಚಿತ್ರ ಅದರಲ್ಲಿದೆ. ಹಳೆಯ ದಿನಗಳ ಬಯಲಿನಲ್ಲಿ ಓಟ, ನಗು, ಹಾಡು. ಗುರುಗಳೂ ಮಕ್ಕಳ ನಡುವೆಯೇ. ಇಂದಿನ ಬಯಲಿನಲ್ಲಿ ಕಂಬಗಳಿಗೆ ಒರಗಿ ನಿಂತ ಹುಡುಗರು, ಗುಸು ಗುಸು, ಬೇಸರದ ಮುಖ. ಗುರುಗಳು ತಮ್ಮತಮ್ಮಲ್ಲೇ ಮಾತಾಡುತ್ತಿದ್ದಾರೆ, ಇಲ್ಲವೇ ದೂರದಿಂದ ಕಾವಲು ಕಾಯುತ್ತಿದ್ದಾರೆ. ಅವರು ಮಕ್ಕಳನ್ನು ಪ್ರೀತಿಸುವುದಿಲ್ಲವೇ? ಪ್ರೀತಿಸುತ್ತಾರೆ, ಮಕ್ಕಳಿಗಾಗಿ ಸವೆಯುತ್ತಾರೆ. ಆದರೆ ತಮ್ಮನ್ನು ಪ್ರೀತಿಸುತ್ತಾರೆಂಬುದು ಆ ಮಕ್ಕಳಿಗೇ ಗೊತ್ತಾಗುತ್ತಿಲ್ಲ. ಮಕ್ಕಳಿಗೆ ಇಷ್ಟವಾದದ್ದರಲ್ಲಿ ಹಿರಿಯರು ಸೇರದಿದ್ದರೆ ಹಿರಿಯರಿಗೆ ಇಷ್ಟವಾದದ್ದರಲ್ಲಿ ಮಕ್ಕಳು ಯಾಕೆ ಸೇರುತ್ತಾರೆ ಎಂಬುದು ಆ ಪತ್ರದ ತಿರುಳು.

ತಾನೇ ಕಟ್ಟಿದ ಮನೆಯ ಬಗ್ಗೆ, ತನ್ನ ಜೀವಮಾನದಲ್ಲೇ, ಒಬ್ಬ ಸಂಸ್ಥಾಪಕ ಹೀಗೆ ಬರೆಯಬೇಕಾದರೆ ಎಷ್ಟು ನೋವಾಗಿರಬೇಕು! ಕಟ್ಟಡ ಬೆಳೆದಿತ್ತು, ಗಂಟೆ ಸಮಯಕ್ಕೆ ಹೊಡೆಯುತ್ತಿತ್ತು, ಶಿಸ್ತಿತ್ತು. ಆಟದ ಹೊತ್ತಿನಲ್ಲಿ ಬಯಲಿಗೆ ಇಳಿಯುವ ಹಿರಿಯರು ಕಡಿಮೆಯಾಗಿದ್ದರು, ಅಷ್ಟೆ. ನಮ್ಮ ಶಾಲೆಗಳು, ಹಾಸ್ಟೆಲುಗಳು, ಧರ್ಮಕೇಂದ್ರಗಳು ಈ ಪತ್ರವನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು. ಮನೆಗಳೂ ಓದಬಹುದು. ಶುಲ್ಕ ಕಟ್ಟಿ, ಟ್ಯೂಷನ್‌ಗೆ ಹಾಕಿ, ಮೊಬೈಲು ಕೊಡಿಸಿ, ದಿನಕ್ಕೆ ಹತ್ತು ನಿಮಿಷ ಮಗನ ಜೊತೆ ಕೂರದ ತಂದೆಗೂ ಪ್ರೀತಿ ಇರುತ್ತದೆ. ಮಗನಿಗೆ ಅದು ಗೊತ್ತೇ ಎಂಬುದು ಪ್ರಶ್ನೆ.

ಡಾನ್ ಬೋಸ್ಕೊ 1888ರ ಜನವರಿ 31ರಂದು ದೈವಾಧೀನರಾದರು. ಅವರ ಸಲೇಸಿಯನ್ ಸಭೆಯವರು 1906ರಲ್ಲಿ ಭಾರತಕ್ಕೆ, ತಂಜಾವೂರಿಗೆ ಬಂದರು. ಬೆಂಗಳೂರಿನಲ್ಲಿ 1980ರಲ್ಲಿ ಗುರುಪಟ್ಟಕ್ಕಾಗಿ ಓದುತ್ತಿದ್ದ ಕೆಲವು ಸಲೇಸಿಯನ್ ವಿದ್ಯಾರ್ಥಿಗಳು ಬೀದಿಗಳಲ್ಲಿ ಅಲೆಯುವ ಮಕ್ಕಳ ಬಳಿಗೆ ಹೋಗತೊಡಗಿದರು. ಅದೇ ಮುಂದೆ 'ಬೆಂಗಳೂರು ಓಣಿಯವರ ಸೇವಾ ಕೂಟ'ವಾಯಿತು. ಅದರ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿದರೆ 'ಬೋಸ್ಕೊ' ಆಗುತ್ತದೆಂಬುದು ಒಂದು ಚೆಂದ. ಊರಿನಲ್ಲಿ ಏಟು ತಾಳಲಾರದೆ, ಬರಗಾಲಕ್ಕೆ, ಇಲ್ಲವೇ ಸಿನಿಮಾ ಆಸೆಗೆ ರೈಲು ಹತ್ತಿ ಬರುವ ಹುಡುಗನನ್ನು ನಿಲ್ದಾಣದಲ್ಲಿ ಮೊದಲು ಮಾತಾಡಿಸುವವರು ಯಾರು ಎಂಬುದರ ಮೇಲೆ ಅವನ ಮುಂದಿನ ಬದುಕು ನಿಂತಿರುತ್ತದೆ. ಕರ್ಮಾಞೋಲಕ್ಕೂ ಮೆಜೆಸ್ಟಿಕ್‌ಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ.

ಈ ಕಾಲದ ಸಂಶೋಧಕರೂ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದಾರೆ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ಕುಡಿತ, ಮನೆಯ ಜಗಳಗಳ ನಡುವೆ ಹುಟ್ಟಿದ ಮಕ್ಕಳಲ್ಲೂ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿ ಬೆಳೆದು ನಿಂತರು. ಅವರ ಬಾಳಿನಲ್ಲಿ ಸಾಮಾನ್ಯವಾಗಿ ಕಂಡದ್ದು, ಅಜ್ಜಿಯೋ ಶಿಕ್ಷಕರೋ ನೆರೆಮನೆಯವರೋ, ಕೈಬಿಡದ ಒಬ್ಬರಾದರೂ ಹಿರಿಯರು. ಅದರ ಜೊತೆಗೆ, ತಮ್ಮನ್ನು ನಂಬಿ ಯಾರೋ ಒಪ್ಪಿಸಿದ ಒಂದು ಜವಾಬ್ದಾರಿ. ನಮ್ಮ ದೇಶದ 2015ರ ಬಾಲನ್ಯಾಯ ಕಾಯ್ದೆಯೂ ಹದಿನೆಂಟು ತುಂಬಿ ಮಕ್ಕಳ ಪಾಲನಾ ಸಂಸ್ಥೆಯಿಂದ ಹೊರಬರುವವರಿಗೆ ನೆರವು ನೀಡಲು ಅವಕಾಶ ಕೊಟ್ಟಿದೆ. ಆದರೆ ಭಾನುವಾರ ಮಧ್ಯಾಹ್ನ ಊಟಕ್ಕೆ ಬಾ ಎಂದು ಕರೆಯುವುದು ಕಾಯ್ದೆಯಿಂದ ಆಗುವ ಕೆಲಸವಲ್ಲ. ಅದು ಧರ್ಮಕೇಂದ್ರದ ಮನೆಗಳಿಂದ ಆಗಬೇಕಾದದ್ದು. ದೃಢೀಕರಣ ಸಂಸ್ಕಾರ ಪಡೆದು ಪಿಯುಸಿಗೋ ಕೆಲಸಕ್ಕೋ ಪರವೂರಿಗೆ ಹೋಗುವ ನಮ್ಮ ಹುಡುಗ ಹುಡುಗಿಯರ ವಿಳಾಸವನ್ನು ಆ ಊರಿನ ಗುರುಗಳಿಗೆ ಮೊದಲೇ ತಿಳಿಸುವ ರೂಢಿಯನ್ನು ಈ ವರ್ಷದಿಂದಲೇ ಆರಂಭಿಸಬಹುದು. ಒಂದು ಫೋನ್ ಕರೆ ಸಾಕು.

ಕೊನೆಗೆ ಇನ್ನೊಬ್ಬ ಹುಡುಗನ ವಿಷಯ. ಟ್ಯೂರಿನ್ನಿನ ಒಂದು ಕ್ಷೌರದಂಗಡಿಯಲ್ಲಿ ಕಾರ್ಲೊ ಗಸ್ತೀನಿ ಎಂಬ ಹತ್ತು ಹನ್ನೊಂದರ ಹುಡುಗ ಗಿರಾಕಿಗಳ ಮುಖಕ್ಕೆ ಸೋಪು ಹಚ್ಚುತ್ತಿದ್ದ. ಡಾನ್ ಬೋಸ್ಕೊ ಅಲ್ಲಿಗೆ ಹೋದಾಗ ಗಡ್ಡವನ್ನೂ ಇವನೇ ಬೋಳಿಸಲಿ ಎಂದರು. ಅಂಗಡಿಯವನು ಗಾಬರಿಯಾದ, ಹುಡುಗ ಇನ್ನೂ ಕತ್ತಿ ಹಿಡಿದವನಲ್ಲ. ಪರವಾಗಿಲ್ಲ, ಎಲ್ಲರೂ ಒಂದಲ್ಲ ಒಂದು ದಿನ ಆರಂಭಿಸಲೇಬೇಕು ಎಂಬಂತೆ ಅವರು ಕೆನ್ನೆಯೊಡ್ಡಿ ಕೂತರು. ಕೆನ್ನೆಗೆ ಸಾಕಷ್ಟು ಕಷ್ಟವಾಯಿತು. ಭಾನುವಾರ ಬಾ ಎಂದು ಕರೆದು ಎದ್ದರು. ಮುಂದೆ ತಾಯಿ ಸತ್ತು ಬೀದಿಯಲ್ಲಿ ಅಳುತ್ತ ನಿಂತಾಗ ಅವನನ್ನು ಮನೆಗೆ ಕರೆದುಕೊಂಡರು, ಪುಸ್ತಕ ಕಟ್ಟುವ ಕಸುಬು ಕಲಿಸಿದರು. 1870ರ ಜೂನ್ 24, ಸ್ನಾನಿಕ ಯೊವಾನ್ನರ ಹಬ್ಬ, ಡಾನ್ ಬೋಸ್ಕೊರವರ ನಾಮದ ಹಬ್ಬವೂ ಹೌದು. ಅಂದು ಗಸ್ತೀನಿ ಕೆಲವು ಹಳೆಯ ಹುಡುಗರನ್ನು ಕಟ್ಟಿಕೊಂಡು, ಎಲ್ಲರೂ ಕೂಡಿ ಕಾಸು ಹಾಕಿ ಕೊಂಡ ಕಾಫಿ ಬಟ್ಟಲುಗಳನ್ನು ಹೊತ್ತು, ವಾಲ್ದೊಕ್ಕೊಗೆ ಬಂದ. ಅವರಿಗೆಲ್ಲ ಆಗ ಮೂವತ್ತು ದಾಟಿತ್ತು, ಮನೆಮಠಗಳಾಗಿದ್ದವು. ಮರುವರ್ಷವೂ ಬಂದರು. ಆಮೇಲೆ ಪ್ರತಿ ಜೂನ್ 24ಕ್ಕೂ ಬರುತ್ತಲೇ ಇದ್ದರು.